ಬಾಳವ್ವನ ಎಡಗಣ್ಣು

ಭಾಳ ಹಿಂದ, ನಮ್ಮೂರಿಗೆ ಇನ್ನೂ ಅಗಸಿ ಬಾಗಲಾ ಇದ್ದಾಗ, ಮೋನಪ್ಪ ಅಂತ ಒಬ್ಬ ಪತ್ತಾರ ಇದ್ದನಂತ. ಕಣ್ಣುಬ್ಯಾನಿ ಬಂದವರು ಊರದೇವಿ ದ್ಯಾಮವ್ವಗ ಹರಕಿ ಹೊತ್ತು ಬೆಳ್ಳಿ ಕಣ್ಣು ಏರಿಸೋದು ಇಲ್ಲೀ ಪದ್ಧತಿ. ಆ ಕಣ್ಣು ಮಾಡಾಂವ ಇವನ. ಸಿಟ್ಟು ಮೂಗಿನ ತುದೀಗೆ, ಆದರ ಕೈಯಂದರ ಕೈ. ಅವ ಮಾಡಿದ ಕಣ್ಣು ರೆಪ್ಪಿ ಬಡೀತಿದ್ದವು ಅಂತಾರ. ಬಡೀಲಿ ಬಿಡ್ರಿ, ಹೇಳೋರ ಬಾಯಿ ಯಾರು ಮುಚ್ಚತಾರ!

ಒಂದಿನ ಬಾಳವ್ವ ಬಂದಳಂತ, ಕಸೂತಿ ಹಾಕೋಕಿ. ಕಸೂತಿ ಅಂದರ ಬಟ್ಟಿಯ ಎಳಿ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳಿ ತಪ್ಪಿತೋ, ಸೀರಿ ಮ್ಯಾಲ ಮೂಡೋ ಗೋಪುರಾನ ಸೊಟ್ಟ. ಅಕೀಗೂ ಅಕಿ ಮುದಿ ತಾಯಿಗೂ ಆ ಸೂಜೀನ ಅನ್ನ ಹಾಕತಿತ್ತು. ಈಗ ಅಕೀಗೆ ಒಂದು ಎಳಿ ಮೂರಾಗಿ ಕಾಣತಿತ್ತು, ಒಂದು ದೀಪ ಐದಾಗಿ ಕಾಣತಿತ್ತು. ಕಣ್ಣಿಗೆ ಚಾಳೀಸು ಹಾಕಿದರೂ ಅಷ್ಟ. ಹರಕಿ ಹೊತ್ತೀನಿ, ಒಂದು ಜೋಡಿ ಬೆಳ್ಳಿ ಕಣ್ಣು ಕೊಡು ಅಂದಳಂತ. ಅವ ಕೈ ಚಾಚಿ ಕೊಡಾಕ ಹೋದ, ಅಕಿ ಆ ಬೆಳ್ಳಿ ಕಣ್ಣು ಬಿಟ್ಟು ಬಾಜೂಕಿನ ಗಾಳಿ ಹಿಡದಳು. ಹರಕಿ ಆಮ್ಯಾಲ, ಮೊದಲು ನಿನ್ನ ಕಣ್ಣು ತೋರಸು ಅಂದ ಮೋನಪ್ಪ.

ಕರೀ ಹಲಗಿ ಮ್ಯಾಲ ಸುಣ್ಣದಿಂದ ದುಂಡನ ಗೆರಿ ಬರದ, ಒಂದರೊಳಗೊಂದು. ನಡುವ ತೂತು ಕೊರದ. ಬಾಗಲಕ್ಕ ಬೆನ್ನು ಮಾಡಿ ಅಕೀನ ಕುಂಡ್ರಿಸಿ, ಹಲಗಿ ಅಕಿ ಮಾರಿ ಮುಂದ ಹಿಡದು, ತೂತಿನಾಗಿಂದ ಅಕಿ ಬಲಗಣ್ಣು ನೋಡಿದ. ನಮ್ಮ ನಿಮ್ಮ ಕಣ್ಣಾಗ ಆ ಗೆರಿ ದುಂಡಗ ಮೂಡತಾವು. ಅಕಿ ಕಣ್ಣಾಗ ಜಗ್ಗಿಧಂಗ ಸೊಟ್ಟ ಮೂಡಿದ್ದವು. ಕಣ್ಣಿನ ಮುಂದಿನ ತೆಳು ಪೊರಿ ಚೂಪಾಗಿ ಮುಂದ ಬಂದಿತ್ತಂತ. ಅದರ ಮ್ಯಾಲ ಗಟ್ಟಿ ಗಾಜಿನ ಚಿಪ್ಪು ಕೂತರ ನೋಟ ನೆಟ್ಟಗಾಗತೈತಿ ಅಂದ ಮೋನಪ್ಪ.

ಕಂದೀಲ ಗಾಜು ಒಡದು ಅವರಿ ಬ್ಯಾಳಿಯಷ್ಟು ಚಿಪ್ಪು ತೀಡಿದ. ನೂರು ಚಿಪ್ಪು ಕೆಟ್ಟವು ಅಂತಾರ. ನಮ್ಮಜ್ಜಿ ಹದಿನೇಳು ಅಂತಿದ್ದಳು, ನಾನೂ ಹದಿನೇಳ ಅಂತೀನಿ. ಮೊದಲು ತನ್ನ ಕಣ್ಣಿಗೆ ಇಟಗೊಂಡು ನೋಡಿದ. ಮೂರು ದಿನ ಕಣ್ಣು ಕೆಂಡ ಆಗಿತ್ತಂತ.

ಕಡೀಗೆ ಒಂದು ಜೋಡಿ ತಯಾರಾತು. ಬಾಳವ್ವನ ಬಲಗಣ್ಣು ನಿಚ್ಚಳ. ಎಡಗಣ್ಣಾಗ ಮಾತ್ರ ಉರಿ, ಬರೇ ನೀರು. ಹೊಸದಕ್ಕ ಹಂಗ, ತಾಳಕೋ ಅಂದ. ಎಂಟು ದಿನ ತಾಳಿದಳು. ಕಣ್ಣು ಬಾತು ರೆಪ್ಪಿ ತೆರೀವಲ್ದಾತು, ಸೂಜಿ ಮೂಲಿ ಸೇರಿತು, ಒಲಿ ತಣ್ಣಗಾತು. ಇಷ್ಟೂ ತಾಳಂಗಿಲ್ಲೇನು ಅಂತ ಅವ ಮತ್ತ ಬೈಯಾಕ ನಿಂತಾಗ, ಅಕಿ ಮೆಲ್ಲಗ ಅಂದಳಂತ:

"ಯಣ್ಣಾ, ದ್ಯಾಮವ್ವನ ಕಣ್ಣು ಎರಡೂ ಒಂದ ಅಚ್ಚಿನ್ಯಾಗ ಮಾಡತಿ. ನಾ ದ್ಯಾಮವ್ವ ಅಲ್ಲೋ."

ಮೋನಪ್ಪ ಆ ಅಚ್ಚು ಕೈಯಾಗ ತಗೊಂಡು ನೋಡಿದ. ಜೀವಮಾನೆಲ್ಲ ದೇವಿ ಕಣ್ಣು ಮಾಡಿದಾಂವ, ಎರಡು ಕಣ್ಣಂದರ ಒಂದ ಅಳತಿ ಅಂತ ನಂಬಿದ್ದ. ಬಲಗಣ್ಣು ನೋಡಿ ಎರಡಕ್ಕೂ ತೀಡಿದ್ದ. ಎಡಗಣ್ಣಿನ ಮುಂದ ಹಲಗಿ ಹಿಡದೇ ಇರಲಿಲ್ಲ. ತಪ್ಪಾತು ತಂಗಿ ಅಂದನಂತ. ಆ ಬಾಯಾಗ ಆ ಮಾತು ಅದ ಮೊದಲು. ಬಾವು ಇಳಿಯೋತನ ಕಾದು, ಎಡಗಣ್ಣಿಗೆ ಅದರದ ಅಳತಿ ತಗೊಂಡು ಬ್ಯಾರೆ ಚಿಪ್ಪು ತೀಡಿದ. ಅದಲುಬದಲಾಗಬಾರದು ಅಂತ ಬಲಗಣ್ಣಿನ ಚಿಪ್ಪಿಗೆ ಸಾಸಿವಿಗಿಂತ ಸಣ್ಣ ಕರೀ ಚುಕ್ಕಿ ಇಟ್ಟ.

ಬಾಳವ್ವ ಎರಡೂ ಕಣ್ಣು ಬಿಟ್ಟಳು. ಮೊದಲು ತಾಯಿ ಮಾರಿ ನೋಡಿದಳಂತ, ಆಮ್ಯಾಲ ಸೆರಗಿನ ಎಳಿ. ಒಂದು, ಎರಡು, ಮೂರು ಅಂತ ಎಣಿಸಿಕೋತ ಅತ್ತಳಂತ.

ಹರಕಿ ಇನ್ನೂ ಹಂಗ ಇತ್ತಲ್ಲ. ಮೋನಪ್ಪ ಆ ಹಳೀ ಅಚ್ಚು ಬಾವಿಗೆ ಒಗದು, ಬಾಳವ್ವನ ಕಣ್ಣು ನೋಡಿಕೋತ ಬೆಳ್ಳಿ ಕಣ್ಣು ಬಡದ, ಬಲದ್ದು ಒಂದು ನಮೂನಿ, ಎಡದ್ದು ಒಂದು ನಮೂನಿ. ಇವತ್ತಿಗೂ ದ್ಯಾಮವ್ವಗ ಅವನ್ನ ಏರಿಸತೀವಿ, ಬಲಗಣ್ಣಿಗೆ ಮೊದಲು ಕಾಡಿಗಿ ಚುಕ್ಕಿ ಇಟ್ಟು. ಹೊರಗಿಂದ ಬಂದ ಪತ್ತಾರರು ಕಣ್ಣು ಒಂದಸಮ ಇಲ್ಲ, ಸರಿ ಮಾಡಿಕೊಡತೀವಿ ಅಂತಾರ. ನಾವು ಕೈ ಹಚ್ಚಗೊಡಂಗಿಲ್ಲ. ಅವು ಬಾಳವ್ವನ ಕಣ್ಣು.