ಕೆಂಪಿ ಕಾವಿಗೆ ಕೂತಳು

ಹೊಳೆಯ ದಂಡೆಗೆ ಒಂದು ಮನೆ, ಮನೆಯ ಹಿಂದೊಂದು ಹಿತ್ತಲು, ಹಿತ್ತಲಲ್ಲಿ ಮೂರು ಕೋಳಿ. ಇಷ್ಟಕ್ಕೇ ಸುತ್ತಲಿನ ಊರವರು ಅದನ್ನು ಆಶ್ರಮ ಅನ್ನುತ್ತಿದ್ದರು. ಅಲ್ಲಿದ್ದ ನಿರುಪಾದಿ ತಾತನಿಗೆ ಆ ಮಾತು ಕೇಳಿದರೆ ನಗು ಬರುತ್ತಿತ್ತು.

ಒಂದು ದಿನ ಅಲ್ಲಿಗೆ ಯಂಕೋಬ ಬಂದ. ಪೇಟೆಯಲ್ಲಿ ಬಟ್ಟೆ ಹೊಲಿಯುವವನು, ಮೂವತ್ತೆರಡರ ಪ್ರಾಯ. ತಾತನ ಕಾಲಿಗೆ ಬಿದ್ದು, ಎದ್ದವನೇ ಕೇಳಿದ.

“ತಾತ, ನಾ ಯಾರು ಅಂತ ತಿಳೀಬೇಕು ನನಗ.”

ಈ ಪ್ರಶ್ನೆ ಹೊತ್ತುಕೊಂಡು ತಿಂಗಳಿಗೆ ನಾಲ್ಕು ಮಂದಿಯಾದರೂ ಬರುತ್ತಿದ್ದರು. ಅವರೆಲ್ಲ ಅದನ್ನು ಪುಸ್ತಕದಲ್ಲಿ ಓದಿಕೊಂಡು ಬಂದವರು. ಯಂಕೋಬ ಹಾಗೆ ಬಂದವನಲ್ಲ. ಹದಿನೈದು ದಿನದ ಹಿಂದೆ ಒಂದು ಮದುವೆ ಮನೆಯಲ್ಲಿ, ಸೀರೆಯ ಮಾತಿಗೆ ಜಗಳ ಹತ್ತಿ, ಅವನ ಸೋದರತ್ತೆ ಎಲ್ಲರ ಎದುರಿಗೆ ಅಂದುಬಿಟ್ಟಿದ್ದಳು: ಇಷ್ಟು ಮಾತಾಡಲಿಕ್ಕೆ ನೀನೇನು ತಿಪ್ಪಮ್ಮ ಹೆತ್ತ ಮಗನೇನು?

ಮನೆಗೆ ಬಂದು ಅವ್ವನನ್ನು ಕೇಳಿದ. ತಿಪ್ಪಮ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ರೊಟ್ಟಿ ಆರುತ್ತದೆ, ಉಣ್ಣು ಅಂದಳು.

ಅವನು ತಾಟಿನ ಮುಂದಿನಿಂದ ಎದ್ದು ಹೊರಟವನು ಮತ್ತೆ ಮನೆಯ ಕಡೆ ಮುಖ ಹಾಕಲಿಲ್ಲ. ಅವ್ವನೇ ಸುಳ್ಳಾದಮೇಲೆ ತನ್ನ ಹೆಸರು, ತನ್ನ ಮನೆ, ತಾನು ಬೆಳೆದದ್ದು ಎಲ್ಲವೂ ಸುಳ್ಳು ಅನಿಸಿತ್ತು ಅವನಿಗೆ. ವಾಪಸು ಹೋಗುವುದೋ, ಅವಳನ್ನು ಬಿಟ್ಟೇಬಿಡುವುದೋ ತಿಳಿಯದೆ ತಾತನ ಬಾಗಿಲಿಗೆ ಬಂದಿದ್ದ. ಆದರೆ ಇದರಲ್ಲಿ ಒಂದು ಮಾತನ್ನೂ ತಾತನಿಗೆ ಹೇಳಲಿಲ್ಲ. ಹೇಳಲಿಕ್ಕೆ ನಾಚಿಕೆಯಾಯಿತು.

ತಾತ ಒಳಗೆ ಹೋಗಿ ಒಂದು ಬಟ್ಟಲು ಜೋಳ ತಂದು ಅವನ ಕೈಗಿಟ್ಟ.

“ಮೊದಲ ಕೋಳಿಗೆ ಹಾಕು.”

ಯಂಕೋಬ ಹಾಕಿದ. ಹಾಕುತ್ತಾ ತಲೆ ಕೆಡಿಸಿಕೊಂಡ. ಕಾಳು ಅಂದರೆ ಕರ್ಮವಿರಬಹುದೇ? ಕೋಳಿ ಅಂದರೆ ಮನಸ್ಸೇ? ಮೂರೇ ಯಾಕೆ, ನಾಲ್ಕು ಯಾಕಿಲ್ಲ? ಕೋಳಿಗಳು ಇದಾವುದನ್ನೂ ತಲೆಗೆ ಹಚ್ಚಿಕೊಳ್ಳದೆ ಬಟ್ಟಲು ಖಾಲಿ ಮಾಡಿದವು.

ಮರುದಿನ ಅದೇ ಪ್ರಶ್ನೆ ಕೇಳಿದ. ಕೋಳಿಗೆ ನೀರು ಇಟ್ಟೀಯೇನು ಅಂದ ತಾತ. ಅದರ ಮರುದಿನ ಕೇಳಿದ. ಗೂಡು ಗುಡಿಸು ಅಂದ. ಹೀಗೆ ಒಂದು ತಿಂಗಳಾಯಿತು. ಯಂಕೋಬನಿಗೆ ತಾನು ಯಾರು ಅನ್ನುವುದು ತಿಳಿಯಲಿಲ್ಲ, ಕೋಳಿಗಳು ಯಾರು ಅನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು. ಬೂದಿ ಜಗಳಗಂಟಿ. ಚುಕ್ಕಿ ಕಳ್ಳಿ, ಕೊತ್ತಂಬರಿ ಮಡಿಗೆ ನುಗ್ಗುವವಳು. ಕೆಂಪಿ ಸಾಧು, ಅವನ ಕೈಯಿಂದಲೇ ಕಾಳು ತಿನ್ನುವವಳು.

ಆ ಕೆಂಪಿ ಒಂದು ಬೆಳಿಗ್ಗೆ ಗೂಡಿನಿಂದ ಹೊರಗೆ ಬರಲಿಲ್ಲ. ಕೈ ಹಾಕಿದರೆ ಪುಕ್ಕ ಕೆದರಿ ಗುರ್ರೆಂದಳು. ಕಾವಿಗೆ ಕೂತಿದ್ದಳು.

ಯಂಕೋಬನಿಗೆ ಅದು ಶುಭಶಕುನವೆನಿಸಿತು. ಮೂರು ಕೋಳಿಗಳ ಮೊಟ್ಟೆ ಕೂಡಿಸಿ ಒಂಬತ್ತನ್ನು ಅವಳ ಹೊಟ್ಟೆಯಡಿ ಇಟ್ಟ. ಇಪ್ಪತ್ತೊಂದು ದಿನವೆಂದು ಎಲ್ಲೋ ಕೇಳಿದ್ದ, ಗೋಡೆಯ ಮೇಲೆ ಇದ್ದಿಲಿನಿಂದ ಗೀರು ಎಳೆಯುತ್ತಾ ಹೋದ. ಕೆಂಪಿ ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ಒಂದು ಗುಟುಕು ನೀರು ಕುಡಿದು, ಓಡಿ ಬಂದು ಮತ್ತೆ ಕೂರುವಳು. ತಪಸ್ಸು ಅಂದರೆ ಇದು ಎಂದು ಯಂಕೋಬ ತಾತನ ಮುಂದೆ ಹೊಗಳಿದ. ತಾತ ಹೂಂಗುಟ್ಟಿದ, ಅಷ್ಟೆ.

ಇಪ್ಪತ್ತೊಂದು ದಿನ ಕಳೆಯಿತು. ಇಪ್ಪತ್ತೈದೂ ಕಳೆಯಿತು. ಒಂದು ಮೊಟ್ಟೆಯೂ ಬಿರಿಯಲಿಲ್ಲ. ಗೂಡಿನಿಂದ ವಾಸನೆ ಬರತೊಡಗಿತು.

ಏನು ತಪ್ಪಾಯಿತೋ ತಿಳಿಯದೆ ಯಂಕೋಬ ತಾತನ ಹತ್ತಿರ ಓಡಿದ. ತಾತ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದ.

“ಹುಂಜ ಇಲ್ಲದ ಹಿತ್ತಲದಾಗ ಮರಿ ಎಲ್ಲಿಂದ ಬರತಾವಪಾ?”

ಪೇಟೆಯಲ್ಲಿ ಬೆಳೆದ ಯಂಕೋಬನಿಗೆ ಅಷ್ಟೂ ಗೊತ್ತಿರಲಿಲ್ಲ. ಮೊಟ್ಟೆ ಅಂದಮೇಲೆ ಮರಿ ಬಂದೇ ಬರುತ್ತದೆ ಅಂದುಕೊಂಡಿದ್ದ. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು.

“ಮತ್ತ ಇಷ್ಟು ದಿನ ಯಾಕ ಹೇಳಲಿಲ್ರಿ?”

“ನೀ ಯಾರು ಅಂತ ಕೇಳಿದಿ. ತತ್ತಿ ಯಾರವು ಅಂತ ಕೇಳಲಿಲ್ಲಲ್ಲ.”

ಯಂಕೋಬ ಹೋಗಿ ಮೊಟ್ಟೆಗಳನ್ನು ತೆಗೆದು ದೂರ ಹೂತು ಬಂದ. ಅಲ್ಲಿಗೆ ಮುಗಿಯಿತು ಅಂದುಕೊಂಡ. ಕೆಂಪಿಗೆ ಮುಗಿದಿರಲಿಲ್ಲ. ಅವಳು ಬರೀ ಹುಲ್ಲಿನ ಮೇಲೆ ಕೂತಳು. ಹುಲ್ಲು ತೆಗೆದರೆ ನೆಲದ ಮೇಲೆ ಕೂತಳು. ಹೊಳೆಯ ಒಂದು ನುಣುಪಾದ ಬೆಣಚುಕಲ್ಲು ಅಲ್ಲೇ ಬಿದ್ದಿತ್ತು, ಅದನ್ನು ಕೊಕ್ಕಿನಿಂದ ಎಳೆದುಕೊಂಡು ಅದರ ಮೇಲೆ ಕೂತಳು.

ಈಗ ಅವಳು ಕಾಳಿಗೂ ಏಳುತ್ತಿರಲಿಲ್ಲ. ಎದೆಯ ಎಲುಬು ಕೈಗೆ ಹತ್ತುತ್ತಿತ್ತು, ಕೆಂಪಗಿದ್ದ ಜುಟ್ಟು ಬಿಳಿಚಿಕೊಂಡಿತು. ತಣ್ಣೀರಿನಲ್ಲಿ ಅದ್ದಿದರೆ ಕಾವು ಬಿಡುತ್ತದೆ ಎಂದು ಊರಿನವರು ಹೇಳಿದರು. ಯಂಕೋಬ ಅದ್ದಿದ. ಕೆಂಪಿ ನೀರು ಸುರಿಸುತ್ತಲೇ ನಡೆದು ಹೋಗಿ ಕಲ್ಲಿನ ಮೇಲೆ ಕೂತಳು. ಅವಳು ಸಾಯುತ್ತಾಳೆಂದು ಅವನಿಗೆ ಖಾತ್ರಿಯಾಯಿತು.

“ತಾತ, ಆಕಿ ಕುಂತಿದ್ದು ಸುಳ್ಳಿನ ಮ್ಯಾಲೆ ಅಂತ ಆಕಿಗೆ ಹೆಂಗ ತಿಳಿಸಬೇಕು?”

“ಆಕಿಗೆ ಏನು ಬೇಕು ಅಂತ ನಿನಗ ತಿಳೀತೇನು ಮೊದಲ?”

ಇದೂ ಒಂದು ಒಗಟೇ. ಯಂಕೋಬ ಬೇಸತ್ತು ಪಕ್ಕದೂರಿನ ಸಂತೆಗೆ ಹೋದ. ಅಲ್ಲಿ ಕೋಳಿಮರಿ ಮಾರುವ ಹೆಂಗಸು ಅವನ ಗೋಳು ಕೇಳಿ ನಕ್ಕಳು. ಐದು ಮರಿ ಒಯ್ಯಿ ಅಂದಳು. ಕತ್ತಲಾಗುವ ಹೊತ್ತಿಗೆ ಒಂದೊಂದೇ ಅದರ ಹೊಟ್ಟೆಯಡಿ ಸೇರಿಸು, ಬೆಳಗಾಗುವುದರಲ್ಲಿ ಅವು ಅದರವೇ ಆಗಿರುತ್ತವೆ ಎಂದು ಹೇಳಿಕೊಟ್ಟಳು. ಹಿಂದಿನ ದಿನವಷ್ಟೇ ಮೊಟ್ಟೆಯೊಡೆದು ಹೊರಬಿದ್ದ ಮರಿಗಳು, ದಾರಿಯುದ್ದಕ್ಕೂ ರಟ್ಟಿನ ಪೆಟ್ಟಿಗೆಯಲ್ಲಿ ನಡುಗುತ್ತಾ ಚಿಂವ್‌ಗುಟ್ಟಿದವು.

ಹೊತ್ತು ಮುಳುಗಿದ ಮೇಲೆ ಯಂಕೋಬ ಉಸಿರು ಬಿಗಿಹಿಡಿದು ಗೂಡಿಗೆ ಕೈ ಹಾಕಿದ. ಕಲ್ಲು ತೆಗೆದ, ಮರಿ ಇಟ್ಟ. ಒಂದು, ಎರಡು, ಐದು. ಕೆಂಪಿ ಒಮ್ಮೆ ಮಿಸುಕಿದಳು, ರೆಕ್ಕೆ ಸ್ವಲ್ಪ ಎತ್ತಿದಳು, ಮತ್ತೆ ಇಳಿಸಿದಳು. ಚಿಂವ್‌ಗುಟ್ಟುವುದು ನಿಂತಿತು.

ಬೆಳಿಗ್ಗೆ ಕೆಂಪಿ ಹೊರಗೆ ಬಂದಳು. ಹಿಂದೆ ಐದು ಮರಿ. ಯಾರೂ ಕಲಿಸದ ದನಿಯಲ್ಲಿ ಲೊಕ್ಕ್ ಲೊಕ್ಕ್ ಎಂದು ಕರೆಯುತ್ತಾ ಮಣ್ಣು ಕೆದರಿದಳು, ಸಿಕ್ಕ ಹುಳವನ್ನು ತಾನು ತಿನ್ನದೆ ಅವುಗಳ ಮುಂದೆ ಹಾಕಿದಳು. ಯಂಕೋಬ ಮನೆ ಬಿಟ್ಟಮೇಲೆ ಮೊದಲ ಸಲ ಬಾಯಿತುಂಬ ನಕ್ಕ.

ಮೂರನೆಯ ದಿನ ಮಧ್ಯಾಹ್ನ ಹದ್ದು ಎರಗಿತು. ಬೂದಿ, ಚುಕ್ಕಿ ಬೇಲಿಯೊಳಗೆ ನುಸುಳಿದವು. ಕೆಂಪಿ ಮರಿಗಳನ್ನು ಹಿಂದೆ ಹಾಕಿಕೊಂಡು ಹದ್ದಿಗೇ ಹಾರಿದಳು. ಯಂಕೋಬ ಕೋಲು ಹಿಡಿದು ಓಡಿ ಬರುವಷ್ಟರಲ್ಲಿ ಹದ್ದು ಹೋಗಿತ್ತು. ಕೆಂಪಿಯ ಬೆನ್ನಿನ ಪುಕ್ಕ ಕಿತ್ತು ರಕ್ತ ಜಿನುಗುತ್ತಿತ್ತು. ಮರಿ ಐದಕ್ಕೈದೂ ಇದ್ದವು.

ಅವನು ಗಾಯಕ್ಕೆ ಅರಿಸಿನ ಹಚ್ಚಿದ. ಸಂತೋಷ ಎಲ್ಲೋ ಹೋಯಿತು. ಅವನು ಎದ್ದು ತಾತನ ಹತ್ತಿರ ಹೋದ.

“ತಾತ, ತಪ್ಪು ಮಾಡೀನಿ. ಆಕಿ ತನ್ನವು ಅಂತ ತಿಳಕೊಂಡು ಜೀವ ಕೊಡಾಕ ಹೋಗಿದ್ಲು. ಅವು ಆಕಿವಲ್ಲ. ಸುಳ್ಳು ಇಟ್ಟಾಂವ ನಾನು.”

“ಯಾಕ ಇಟ್ಟಿ?”

“ಈ ಕಡೆ ಆಕಿ ಸಾಯಾಕ ಹತ್ತಿದ್ಲು. ಆ ಕಡೆ ಅವು ಪೆಟ್ಟಿಗಿಯಾಗ ನಡಗತಿದ್ವು.” ಸ್ವಲ್ಪ ತಡೆದು ಕೇಳಿದ. “ಆದರೂ ಸುಳ್ಳು ಸುಳ್ಳೇ ಅಲ್ಲೇನ್ರಿ?”

ತಾತ ಸಮಾಧಾನದ ಮಾತೇನಾದರೂ ಹೇಳುತ್ತಾನೆಂದು ಅವನು ಕಾದಿದ್ದ.

“ಸುಳ್ಳೇ,” ಅಂದ ತಾತ. “ಹೋಗಿ ಆಕಿಗೆ ಖರೇ ಹೇಳಿ ಬಾ.”

ಚೇಷ್ಟೆಯೋ, ಆಜ್ಞೆಯೋ, ಅವನಿಗೆ ತಿಳಿಯಲಿಲ್ಲ. ಗುರು ಹೇಳಿದಮೇಲೆ ಮಾಡಬೇಕಲ್ಲ. ಮೂವತ್ತೆರಡು ವರ್ಷದ ಗಂಡಸು ಹಿತ್ತಲಿಗೆ ಹೋಗಿ ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಕೆಂಪಿ, ಇಲ್ಲಿ ಕೇಳು ಅಂದ. ಕೆಂಪಿ ಕೆದರಿದ ಮಣ್ಣು ಅವನ ಲುಂಗಿಯ ಮೇಲೆ ಬಿತ್ತು. ಒಂದು ಮರಿ ಬಟ್ಟಲಿನ ನೀರಿಗೆ ಬಿದ್ದಿತು, ಅತ್ತ ಓಡಿದಳು. ಇನ್ನೊಂದು ಬೇಲಿಯಾಚೆ ಹೋಗಿ ಅತ್ತಿತು, ಇತ್ತ ಓಡಿದಳು. ಆಮೇಲೆ ಬಿಸಿಲಿಗೆ ಐದನ್ನೂ ರೆಕ್ಕೆಯಡಿ ಎಳೆದುಕೊಂಡು, ಗಾಯದ ಬೆನ್ನನ್ನು ಬಿಸಿಲಿಗೆ ಒಡ್ಡಿ ಕೂತಳು. ಯಂಕೋಬ ತುಂಬಾ ಹೊತ್ತು ನೋಡಿ ಎದ್ದು ಬಂದ.

“ಹೇಳಿದಿಯೇನು?”

“ಇಲ್ರಿ.”

“ಯಾಕ?”

“ಆಕಿಗೆ ಪುರುಸೊತ್ತಿಲ್ಲ ತಾತ.”

ಅಂದವನಿಗೆ ತನ್ನ ಮಾತಿಗೆ ತನಗೇ ನಗು ಬಂತು. ನಗಲು ಹೋದರೆ ಅಳು ಬಂತು. ಅತ್ತೆ ಆಡಿದ ಮಾತು, ಅವ್ವ ಕೊಡದ ಉತ್ತರ, ತಾನು ಹೇಳದೆ ಎದ್ದು ಬಂದದ್ದು, ಸುಮಾರು ಮೂರು ತಿಂಗಳಿಂದ ನುಂಗಿಕೊಂಡಿದ್ದನ್ನೆಲ್ಲ ಹೊರಗೆ ಹಾಕಿದ. ಈಗ ಅವ್ವನ ಮೇಲೆ ಸಿಟ್ಟು ಉಳಿದಿದೆಯೋ ಇಲ್ಲವೋ ಅದೂ ಅವನಿಗೆ ಗೊತ್ತಾಗಲಿಲ್ಲ. ಮೂಗು ಒರೆಸಿಕೊಂಡು, ಕೊನೆಗೆ ಉಳಿದ ಒಂದೇ ದೂರನ್ನು ಹೇಳಿದ.

“ಮೂವತ್ತೆರಡು ವರ್ಷ ತಾತ. ಒಂದು ದಿನಾನೂ ನನಗ ಹೇಳಲಿಲ್ಲ ಆಕಿ.”

ತಾತ ಅವನ ಲುಂಗಿಯ ಮೇಲಿದ್ದ ಮಣ್ಣನ್ನು ಕೈಯಿಂದ ಕೊಡವಿದ.

“ಆಕಿಗೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲಪಾ. ಈಗ ಸಿಕ್ಕಿರಬೇಕು, ಹೋಗು.”