ಸಾಹೇಬರಿಗೆ ಬಾಯಾರಿದ ದಿನ

ನಾನು ಓದಿದ ಹೈಸ್ಕೂಲಿನಲ್ಲಿ ನಲ್ಲಿ ಇರಲಿಲ್ಲ; ಬೇಕೆಂದು ಕೇಳುವ ಧೈರ್ಯ ನಮಗೂ ಇರಲಿಲ್ಲ. ಹುಡುಗಿಯರು ಸರದಿಯಂತೆ ದೂರದ ಬಾವಿಯಿಂದ ನೀರು ಹೊರುತ್ತಿದ್ದರು.

ಇನ್‌ಸ್ಪೆಕ್ಟರ್ ಸಾಹೇಬರ ತನಿಖೆಯ ದಿನ ಹೆಡ್‌ಮಾಸ್ಟರು, "ಸಾಹೇಬರ ಮುಂದೆ ಯಾರೂ ಬಾಯಿ ಬಿಡಕೂಡದು" ಎಂದು ಅಪ್ಪಣೆ ಮಾಡಿದರು.

ಸಾಹೇಬರು ಬಿಸಿಲಲ್ಲಿ ಬಂದು ನೀರು ಕೇಳಿದರು. ಹೂಜಿಯ ನೀರನ್ನು ಜವಾನ ಆಗಲೇ ಗುಲಾಬಿ ಗಿಡಕ್ಕೆ ಸುರಿದಿದ್ದ.

"ಇವತ್ತಿನ ಸರದಿ ಚೆನ್ನಾಜಮ್ಮನದು ಸ್ವಾಮಿ. ನೀರು ಯಾಕಿಲ್ಲ ಅಂತ ಅವಳೇ ಹೇಳ್ತಾಳೆ" ಎಂದು ಜವಾನ ಕೈಮುಗಿದ. ಆಮೇಲೆ ಅವಳತ್ತ ಬಗ್ಗಿ, "ಹೆದರಬೇಡವ್ವ. ಬಾಯಾರಿದ್ದಾರೆ, ಪೂರ್ತಿ ಕೇಳ್ತಾರೆ" ಎಂದ.

ಹಾಜರಿ ಕೂಗಿದಾಗಲೂ ಪಿಸುಗುಡುತ್ತಿದ್ದ ಹುಡುಗಿ ಎದ್ದು ನಿಂತಳು. "ಬಾವಿ ಒಂದು ಮೈಲಿ ಸಾರ್. ನೀರು ತರೋ ದಿನ ನಮಗೆ ಗಣಿತ ಇಲ್ಲ."

ಹೆಡ್‌ಮಾಸ್ಟರು ಬಹಳ ಹೊತ್ತು ಕನ್ನಡಕ ಒರೆಸಿದರು.

ತಿಂಗಳೊಳಗೆ ನಲ್ಲಿ ಬಂತು. ಚೆನ್ನಾಜಮ್ಮ ದಿನವೂ ಗಣಿತಕ್ಕೆ ಕೂತು, ಎದ್ದೆದ್ದು ಪ್ರಶ್ನೆ ಕೇಳತೊಡಗಿದಳು. ಗಣಿತ ಹೇಳುತ್ತಿದ್ದವರು ಹೆಡ್‌ಮಾಸ್ಟರೇ.