ಮಾರೆಪ್ಪ ಕುಂತ ಕಾರು

ಬರ್ರಿ, ಹತ್ತಿರ ಬರ್ರಿ. ಕಾಲು ಮಡಚಿ ಕೂತುಕೊಳ್ಳಿ. ಗೋಡೆಗೆ ಒರಗಬೇಡಿ, ನಿದ್ದೆ ಬರುತ್ತದೆ. ನಡುವೆ ಯಾರೂ ಏಳಬಾರದು. ಎದ್ದರೆ ನನಗೆ ಎಳೆ ತಪ್ಪುತ್ತದೆ. ಎಲ್ಲಿ ಬಿಟ್ಟೆ ಅಂತ ತೆಗೆದು ನೋಡಲು ನನ್ನ ಹತ್ತಿರ ಪುಸ್ತಕವಿಲ್ಲ, ಇದ್ದರೂ ಓದಲು ಬರುವುದಿಲ್ಲ.

ಹೊಳೆ ದಂಡೆಯ ಮೇಲೆ ಒಂದು ಚಿಕ್ಕ ಮಠ. ಅಲ್ಲಿ ಚರಂತಯ್ಯಜ್ಜಾರು. ಕಾವಿ ಉಡುವ ಮೊದಲು ಲಾರಿ ರಿಪೇರಿ ಮಾಡುತ್ತಿದ್ದವರು. ಉಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಬೇರೆ ಮಠಕ್ಕೆ ಜನ ಹೂವು ಹಣ್ಣು ಹಿಡಿದು ಹೋಗುತ್ತಾರೆ. ಇಲ್ಲಿಗೆ ನಿಂತ ಗಡಿಯಾರ, ಸುಟ್ಟ ಫ್ಯಾನು ಹಿಡಿದು ಬರುತ್ತಿದ್ದರು.

ಶಿಷ್ಯ ಒಬ್ಬನೇ, ಪಂಪಾಪತಿ. ಮೂವತ್ತು ದಾಟಿದವ. ಕೈ ಬಂಗಾರದಂಥದು. ಅದು ಅವನಿಗೂ ಗೊತ್ತಿತ್ತು, ಅದೇ ತೊಂದರೆ.

ಒಂದು ದಿನ ಹುಲಿಗೆಮ್ಮ ಅನ್ನುವಾಕೆ ಬಂದಳು. ವಯಸ್ಸಾದ ಹೆಣ್ಣುಮಗಳು. ಟವೆಲು ಬಿಚ್ಚಿದಳು. ಒಳಗೆ ಗೇಣುದ್ದದ ಪ್ಲಾಸ್ಟಿಕ್ ಕಾರು, ಒಂದು ಹಳೆಯ ಡಬ್ಬಿ. ಬಿಡಿ ಬಿಡಿ ತುಂಡುಗಳು ಡಬ್ಬಿಯಲ್ಲಿ ಬರುತ್ತವಂತೆ, ನಾವೇ ಗೋಂದು ಹಚ್ಚಿ ಕೂಡಿಸಿ ಕಾರು ಮಾಡಬೇಕಂತೆ. ಅಂಥದು.

"ನಮ್ಮಪ್ಪ ಮಾರೆಪ್ಪ ಟ್ಯಾಕ್ಸಿ ಓಡಸ್ತಿದ್ದ ಅಜ್ಜಾರ. ಪರದೇಶದ ಇಂಜಿನಿಯರ್ ಒಬ್ಬಾವ ತನ್ನ ದೇಶಕ್ಕ ಹೋಗೂ ಮುಂದ ಇದನ್ನ ನನ್ನ ತಮ್ಮ ಎರ್ರಿಸ್ವಾಮಿಗೆ ಕೊಟ್ಟ. ಅವಗ ಆಗ ಎಂಟು ವರ್ಷ. ತಾನ ಕುಂತು ಕೂಡಿಸಿದ. ಮರುವರ್ಷ ಅಪ್ಪ ತೀರಿಕೊಂಡ."

"ಈಗ ತಮ್ಮ ಹೆಂಗದಾನ?"

"ಸಕ್ಕರಿ ಬ್ಯಾನಿ ಎರಡೂ ಕಣ್ಣು ತಿಂದು ಹಾಕ್ತರಿ. ಆರು ತಿಂಗಳಾತು, ಗ್ವಾಡಿ ಕಡೆ ಮುಖ ಮಾಡಿ ಕುಂತಾನ. ಮಾತಿಲ್ಲ. ಎರಡು ತುತ್ತು ಉಂಡರ ಹೆಚ್ಚು. ಮೊನ್ನೆ ಒಮ್ಮೆಲೆ ಕೇಳಿದ, 'ಅಕ್ಕಾ, ನನ್ನ ಕಾರು ಎಲ್ಲೈತಿ?'"

ಅವಳು ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಟ್ರಂಕಿನಾಗ ಸಿಕ್ತರಿ, ಮುರದು ಹಿಂಗಾಗೇತಿ. ಹಿಂಗ ಕೈಗೆ ಕೊಟ್ಟರ ಅವ ಮತ್ತ ಬಾಯಿ ತೆರೆಯಂಗಿಲ್ಲ. ಹುಣ್ಣಿಮಿ ದಿನ ಮಧ್ಯಾಹ್ನ ಕರಕೊಂಡು ಬರ್ತೀನಿ."

ಅವಳು ಅಳುತ್ತಾ ಹೇಳಿದ್ದು ಪಂಪಾಪತಿಯ ಕಿವಿಗೆ ಬಿತ್ತು, ಬಿತ್ತಷ್ಟೇ. ಅವನ ಕಣ್ಣು ಕಾರಿನ ಮೇಲೆಯೇ ಇತ್ತು. ಎರಡು ಗಾಲಿ ಉದುರಿವೆ. ಮೇಲಿನ ಚಾವಣಿ ಒಂದು ಕಡೆ ಕುಸಿದಿದೆ. ಬಂಪರ್ ಸೊಟ್ಟ. ಎಲ್ಲ ಕಡೆ ಜೇಡರ ಬಲೆಯ ಹಾಗೆ ಗೋಂದಿನ ಎಳೆ. ಮೈಗೆ ಕರಿ ಬಣ್ಣ, ಮೇಲೆ ಹಳದಿ, ಎರಡೂ ಒಂದರ ಮೇಲೊಂದು ಸೋರಿವೆ.

ಅಜ್ಜಾರು ಕಾರನ್ನು ಅವನ ಕೈಗಿಟ್ಟರು.

"ಒಳಗ ಯಾರು ಕುಂತಾರ, ಮೊದಲ ಅದನ್ನ ನೋಡು. ಆಮ್ಯಾಲ ಕೈ ಹಚ್ಚು."

ಪಂಪಾಪತಿ ಕಿಟಕಿಯಲ್ಲಿ ಒಂದು ಕಣ್ಣಿಟ್ಟು ನೋಡಿದ. "ಯಾರೂ ಇಲ್ರಿ. ಸೀಟಿನ ಮ್ಯಾಲ ಗೋಂದು ಕುಂತೈತಿ, ಅಷ್ಟ."

ಅಜ್ಜಾರು ಕೊಡ ತಗೊಂಡು ಹೊಳೆಗೆ ಹೋದರು.

ಕೆಲಸ ಶುರುವಾಯಿತು. ಅದೇನು ಸಣ್ಣ ಕೆಲಸವೇ? ಐಸ್ ಕ್ಯಾಂಡಿಯವನ ಹತ್ತಿರ ಐಸು ತಂದು ಕಾರನ್ನು ಹೂತಿಟ್ಟರೆ ಹಳೆ ಗೋಂದು ಸೆಡೆತು ಹಪ್ಪಳದಂತಾಗುತ್ತದೆ. ಆಗ ಬ್ಲೇಡಿನ ತುದಿ ತೂರಿಸಿ ಮೀಟಬೇಕು. ಗೋಂದು ಬಿಟ್ಟರೂ ಟಕ್, ಪ್ಲಾಸ್ಟಿಕ್ ಮುರಿದರೂ ಟಕ್. ಸಪ್ಪಳ ಒಂದೇ. ಪ್ರತಿ ಟಕ್ಕಿಗೂ ಪಂಪಾಪತಿಯ ಉಸಿರು ನಿಲ್ಲುತ್ತಿತ್ತು.

ಆದರೂ ಬಾಯಿ ನಿಲ್ಲಲಿಲ್ಲ.

"ಯಾವ ಪುಣ್ಯಾತ್ಮನ ಕೈಯೋ! ನೋಡ್ರಿ ಅಜ್ಜಾರ, ಡಬ್ಬಿ ಮ್ಯಾಲಿನ ಚಿತ್ರದಾಗ ಸ್ಟೇರಿಂಗು ಎಡಕ್ಕೈತಿ, ಇವ ಬಲಕ್ಕ ಹಚ್ಯಾನ. ಸೂಜಿ ಕಾಸಿ ಸೊಟ್ಟಂಬಟ್ಟ ತೂತು ಕೊರದಾನ. ಎಡವಟ್ಟು ಮನಷ್ಯಾ!"

"ಬಲಕ್ಕ ಹಚ್ಚಿದಾವ ಎಡವಟ್ಟು ಹೆಂಗಾದ?" ಅಂದರು ಅಜ್ಜಾರು.

ಪಂಪಾಪತಿ ಚೇಷ್ಟೆ ಅಂದುಕೊಂಡು ನಕ್ಕ. ಬಲಗಡೆಯ ತೂತು ಮುಚ್ಚಿ ಉಜ್ಜಿದ. ಎಡಕ್ಕೆ ಸಣ್ಣ, ನೆಟ್ಟಗಿನ ತೂತು ಕೊರೆದ. ಬ್ರೇಕ್ ಆಯಿಲಿನಲ್ಲಿ ಅದ್ದಿ ಕರಿ, ಹಳದಿ ಎರಡೂ ಬಣ್ಣ ಕಿತ್ತ. ಚಿತ್ರದಲ್ಲಿದ್ದ ಹಾಗೇ ಕೆಂಪು ಹೊಡೆದ.

ಹುಣ್ಣಿಮೆಗೆ ಎರಡು ದಿನವಿದ್ದಾಗ ಅಜ್ಜಾರು ಕೇಳಿದರು, "ಆ ತಾಯಿ ಅವತ್ತ ಏನಂದ್ಲು?"

"ಹುಣ್ಣಿಮಿಗೆ ಬರ್ತೀನಿ ಅಂದ್ಲು."

"ಮತ್ತ?"

"ಮತ್ತೇನಿಲ್ರಿ."

ಅವತ್ತು ಅಜ್ಜಾರು ಉಣ್ಣಲಿಲ್ಲ.

ಹುಣ್ಣಿಮೆಯ ಹಿಂದಿನ ಸಂಜೆ ಸ್ಟೇರಿಂಗು ಕೂಡಿಸಿದ. ಮರುದಿನ ಬಿಸಿಲೇರಿದ ಮೇಲೆ ಕಾರನ್ನು ಅಂಗೈಯಲ್ಲಿಟ್ಟುಕೊಂಡು ಅಜ್ಜಾರ ಮುಂದೆ, ಬಾಗಿಲಿಗೆ ಅಡ್ಡಲಾಗಿ ನಿಂತ. ಗಾಲಿ ಉರುಳುತ್ತವೆ. ಚಾವಣಿ ನೆಟ್ಟಗೆ. ಮೈಯಲ್ಲಿ ಮುಖ ಕಾಣುತ್ತದೆ.

ಅಜ್ಜಾರು ಒಂದೇ ಮಾತಂದರು.

"ಸರಿ."

ಪಂಪಾಪತಿಯ ಎದೆ ಉಬ್ಬಿತು. ಶಿಷ್ಯನಾಗಿ ಬಂದ ಏಳು ವರ್ಷದಲ್ಲಿ ಅಜ್ಜಾರ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಬಗ್ಗಿ ಕಾಲು ಮುಟ್ಟಿದ.

"ಕಾಲ್ಯಾಕ ಮುಟ್ತೀ? ಬೆಳಕಿಗೆ ಅಡ್ಡ ನಿಂತೀ. ಆ ಕಡೆ ಸರಿ ಅಂದೆ."

ಅವನ ಮುಖ ಸುಟ್ಟ ಬದನೆಕಾಯಿ ಆಯಿತು. ಅಜ್ಜಾರು ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಕಣ್ಣಿಗೆ ಬಿಗಿಯಾಗಿ ಕಟ್ಟಿದರು. ಕಾರನ್ನು ಕೈಗೆ ಕೊಟ್ಟರು.

"ಇದೇನು?"

"ಕಾರ್ರಿ."

"ಯಾರದು?"

"ಎರ್ರಿಸ್ವಾಮಿದು."

"ನಿನ್ನ ಕೇಳಲಿಲ್ಲ. ಬೆರಳಿಗೆ ಕೇಳಿದೆ."

ಬೆರಳು ಓಡಿತು. ನುಣುಪು. ಎಲ್ಲಿಯೂ ನಿಲ್ಲಲಿಲ್ಲ.

"ಯಾರದೂ ಅಲ್ರಿ," ಅಂದ ಪಂಪಾಪತಿ, ದನಿ ಇಳಿಸಿ. "ಅಂಗಡಿದು ಇದ್ದಂಗೈತಿ."

"ಮಾರೆಪ್ಪ ಎಲ್ಲಿ ಕುಂತಾನ?"

ಕಿರುಬೆರಳು ಕಿಟಕಿಯಲ್ಲಿ ತೂರಿತು. ಬಲಗಡೆ ಏನೂ ಇಲ್ಲ. ಎಡಗಡೆ ಸ್ಟೇರಿಂಗು. ಬೆರಳು ಅಲ್ಲೇ ನಿಂತಿತು. ನಮ್ಮ ಸೀಮೆಯಲ್ಲಿ ಯಾವ ಡ್ರೈವರ್ ಎಡಕ್ಕೆ ಕೂತುಕೊಳ್ಳುತ್ತಾನೆ ಹೇಳಿ?

ಪಂಪಾಪತಿ ಕಣ್ಣಿನ ವಸ್ತ್ರ ಕಿತ್ತು ತೆಗೆದ.

"ಅಜ್ಜಾರ, ಆ ಹುಡುಗ ಡಬ್ಬಿ ಮ್ಯಾಲಿನ ಕಾರು ಮಾಡಿದ್ದಲ್ರಿ. ಅಪ್ಪನ ಟ್ಯಾಕ್ಸಿ ಮಾಡ್ಯಾನ. ನಾನು ಅವರಪ್ಪನ್ನ ಎಬ್ಬಿಸಿ ಹೊರಗ ಹಾಕೀನಿ."

ಆಗಲೇ ಕೇಳಿಸಿತು, ದಂಡೆಯ ಏರಿಯಲ್ಲಿ ಆಟೋ ಸಪ್ಪಳ. ಮಧ್ಯಾಹ್ನ ಬರಬೇಕಾದವಳು ಮೊದಲೇ ಬಂದಿದ್ದಾಳೆ.

"ಸೂಜಿ ಕಾಸು," ಅಂದರು ಅಜ್ಜಾರು. ತಾವು ಮಜ್ಜಿಗೆ ತಂಬಿಗೆ ಹಿಡಿದು ಹೊರಗೆ ನಡೆದರು.

ಪಂಪಾಪತಿ ಸ್ಟೇರಿಂಗಿನ ಬುಡಕ್ಕೆ ಬ್ಲೇಡು ತೂರಿಸಿದ. ಐಸು ತರಲು ಹೊತ್ತಿಲ್ಲ. ಹೊರಗೆ ಅಜ್ಜಾರ ದನಿ, "ಕುಡಿರಿ, ಇನ್ನೊಂದಿಷ್ಟು ಕುಡಿರಿ." ಒಳಗೆ ಟಕ್. ಕಣ್ಣು ಮುಚ್ಚಿಬಿಟ್ಟ. ತೆರೆದು ನೋಡಿದರೆ ಸ್ಟೇರಿಂಗು ಇಡಿಯಾಗಿ ಕೈಗೆ ಬಂದಿತ್ತು. ಬಲಕ್ಕೆ ತೂತು ಕೊರೆಯಬೇಕು, ಅದೂ ಮೊದಲಿನಂತೆ ಸೊಟ್ಟಗೆ. ಎಷ್ಟು ಸೊಟ್ಟ? ಅವತ್ತು ಎಷ್ಟು ನಕ್ಕಿದ್ದನೋ ಅಷ್ಟೂ ನೆನಪಿಗೆ ತಂದುಕೊಂಡ. ಕೊರೆದ. ಗೋಂದಿನ್ನೂ ಹಸಿ, ಅಷ್ಟರಲ್ಲಿ ಹೊಸ್ತಿಲ ಮೇಲೆ ಅವರ ನೆರಳು.

ಎರ್ರಿಸ್ವಾಮಿ ಸೊರಗಿದ್ದ. ಅಕ್ಕನ ಹೆಗಲ ಮೇಲೆ ಕೈಯಿಟ್ಟು ಬಂದ. ಕೂತ. ಕಾರನ್ನು ಅಂಗೈಗೆ ಇಟ್ಟರು.

ಬೆರಳು ಮೂತಿಯ ಮೇಲೆ ಹೋಯಿತು. ಚಾವಣಿ ಮುಟ್ಟಿತು. ಹುಬ್ಬು ಗಂಟಿಕ್ಕಿತು. ಹುಲಿಗೆಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಕಿರುಬೆರಳು ಕಿಟಕಿಯಲ್ಲಿ ಇಳಿಯಿತು. ತಡಕಿತು. ನಿಂತಿತು.

"ಅಪ್ಪಾ," ಅಂದ.

ಅಷ್ಟೇ. ಹುಲಿಗೆಮ್ಮನ ಕಣ್ಣಲ್ಲಿ ನೀರು.

"ಅಕ್ಕಾ, ಬಣ್ಣ ಹಂಗ ಐತೇನು? ಮೈ ಕರೀದು, ಮ್ಯಾಲ ಹಳದಿ?"

ಅವಳು ಕೆಂಪು ಕಾರು ನೋಡಿದಳು. ಪಂಪಾಪತಿಯನ್ನು ನೋಡಿದಳು. ಹೌದು ಅಂದರೆ ಮುಗಿಯಿತು, ಕೇಳಿದವನಿಗೆ ಕಣ್ಣಿಲ್ಲ. ಇಲ್ಲ ಅಂದರೆ ಅವನು ಮತ್ತೆ ಗೋಡೆಗೆ ತಿರುಗಿದರೆ? ಅಜ್ಜಾರು ಹೊಳೆಯ ಕಡೆ ನೋಡುತ್ತಾ ನಿಂತಿದ್ದರು.

ಪಂಪಾಪತಿ ಮುಂದೆ ಬಂದು ಎರ್ರಿಸ್ವಾಮಿಯ ಎದುರು ಕೂತ.

"ಇಲ್ರಿ ಅಣ್ಣಾರ. ಕೆಂಪೈತಿ. ನೀವು ಹಚ್ಚಿದ ಬಣ್ಣ ನಾನ ತೆಗದೀನಿ. ಚಲೋ ಕಾಣ್ಲಿ ಅಂತ."

ಎರ್ರಿಸ್ವಾಮಿಯ ಬೆರಳುಗಳು ಕಾರಿನ ಸುತ್ತ ಬಿಗಿದವು. ಇನ್ನೊಂಚೂರು ಬಿಗಿದರೆ ಚಾವಣಿ ಹೋಗುತ್ತದೆ.

"ಯಾರಿಗೆ ಕಾಣ್ಲಿ ಅಂತೋ?"

ಹುಲಿಗೆಮ್ಮ ತಮ್ಮನ ಭುಜ ಹಿಡಿದಳು.

ಆಮೇಲೆ ಎರ್ರಿಸ್ವಾಮಿಯ ಹೊಟ್ಟೆ ಕುಲುಕಿತು. ಅಳು ಅಂದುಕೊಂಡರು. ನಗು.

"ಆಗ ಕಣ್ಣಿದ್ದು ಹಚ್ಚಿದ್ರೂ ನಮ್ಮಪ್ಪ ಅಂದಿದ್ದ, ಕಣ್ಣಿಲ್ಲದಾವ ಬಳದಂಗೈತಲ್ಲೋ ಅಂತ. ಅಕ್ಕಾ, ನೆನಪೈತೇನು? ಬ್ರಷ್ ಕೊಡ್ರಿ ಇಲ್ಲೆ. ಕರಿ, ಹಳದಿ ಬಣ್ಣ ಐತಿಲ್ಲೋ ನಿಮ್ಮ ಮಠದಾಗ?"

ಅವನು ಬಳಿದ. ಹುಲಿಗೆಮ್ಮ ಮಣಿಕಟ್ಟು ಹಿಡಿದು, "ಮ್ಯಾಲ, ಇನ್ನೂ ಮ್ಯಾಲ, ಏ ಗಾಲಿಗಲ್ಲೋ ಮಂಗ್ಯಾ" ಅನ್ನುತ್ತಿದ್ದಳು. ಒಂದು ಹನಿ ಬಾಗಿಲ ಮೇಲೆ ಸೋರಿತು. ಒರೆಸಲು ಪಂಪಾಪತಿ ಕೈ ಚಾಚಿದ. ಅಜ್ಜಾರು ಅವನ ಕಡೆ ನೋಡಿದರು. ಅವನು ಕೈ ಹಿಂದಕ್ಕೆ ತಗೊಂಡ.

ಎರ್ರಿಸ್ವಾಮಿ ಇನ್ನೂ ಒಂಬತ್ತು ವರ್ಷ ಬಾಳಿದ. ಹೊಟ್ಟೆ ತುಂಬ ಉಂಡ, ಕಟ್ಟೆಗೆ ಕೂತು ಊರವರ ಜೊತೆ ಜಗಳವನ್ನೂ ಆಡಿದ. ಕಾರು ಅವನ ಎದೆಯ ಮೇಲೆಯೇ ಮಣ್ಣಿಗೆ ಹೋಯಿತು.

ಹುಲಿಗೆಮ್ಮ ತಮ್ಮನ ಹಿಂದೆಯೇ ಹೋದಳು, ಆರು ತಿಂಗಳಿಗೆ. ಕಾರಿನ ಆ ಹಳೆಯ ಡಬ್ಬಿಯಲ್ಲಿ ಕಡೆತನಕ ಎಲೆ ಅಡಿಕೆ ಇಟ್ಟುಕೊಂಡಿದ್ದಳು.

ಪಂಪಾಪತಿ ಮುಂದೆ ಅಜ್ಜಾರ ಮಣೆಯ ಮೇಲೆ ಕೂತ. ಯಾರು ಏನು ತಂದರೂ ಮೊದಲು ಚಾಪೆ ಹಾಸಿ, ತಂದವರ ಮುಖ ನೋಡಿ, "ಹೇಳ್ರಿ" ಅನ್ನುತ್ತಿದ್ದ. ಸಾಮಾನು ಆಮೇಲೆ.

ಅಜ್ಜಾರು ಹೋದದ್ದು ಒಂದು ಬೆಳಗ್ಗೆ. ಮೂರು ದಿನದಿಂದ ಮಲಗಿದ್ದರು. ಪಂಪಾಪತಿ ಬಾಗಿಲ ಕಡೆಯಿಂದ ಬಗ್ಗಿ, ಅವರ ಹೊದಿಕೆಯ ಸುಕ್ಕು ತೀಡುತ್ತಿದ್ದ.

ಅಜ್ಜಾರು ಕಣ್ಣು ತೆರೆದರು. "ಸರಿ," ಅಂದರು.

ಪಂಪಾಪತಿ ಹೊದಿಕೆ ಬಿಟ್ಟು ಪಕ್ಕಕ್ಕೆ ಸರಿದ. ಬಾಗಿಲಾಚೆ ಹೊಳೆ ಕಂಡಿತು.

ಅಜ್ಜಾರು ಬಹಳ ಹೊತ್ತು ನೋಡಿದರು. ಆಮೇಲೆ ಇನ್ನೊಮ್ಮೆ ಅಂದರು:

"ಸರಿ."